ಅವ್ವನ ದಮ್ಮು, ಎರವಲು ಸೀರೆ

ಆಗೆಲ್ಲ ನಮ್ಮ ಬಸವಕಲ್ಯಾಣದ ಕಡೆ ಉಸಿರಿನ ರೋಗ ಯಾವುದೇ ಇರಲಿ, ಹೆಸರು ಒಂದೇ: ದಮ್ಮು. ಹೆಸರು ಒಂದಾದರೂ ದವಾಖಾನೆಯಲ್ಲಿ ಅದಕ್ಕೆ ಎರಡು ದರ್ಜೆ ಇದ್ದವು. ಪಲಂಗದ ದಮ್ಮು ಒಂದು, ಪಡಸಾಲೆಯ ದಮ್ಮು ಇನ್ನೊಂದು. ಇದನ್ನು ನಾನು ಕಲಿತದ್ದು ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ, ಹತ್ತು ವರ್ಷದ ಹುಡುಗಿ ಇದ್ದಾಗ. ಇವತ್ತು ನಾನು ಭಾಂಡೆ, ಅಂದರೆ ಪಾತ್ರೆ ಅಂಗಡಿಯ ಯಜಮಾನಿ. ಎದುರಿನವರ ಮುಖ ನೋಡಿ ಮಾತಾಡುವ ವಿದ್ಯೆ ಆಗಲೇ ಬಂದಿತ್ತು. ಬರಬಾರದಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಅಪ್ಪ ಇರಲಿಲ್ಲ. ಅವ್ವ ಊರ ಹೊರಗಿನ ಬೇಳೆ ಗಿರಣಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಚಳಿ ಬಿತ್ತೆಂದರೆ ನಮ್ಮ ಓಣಿಯ ಹುಡುಗರಿಗೆ ಹಬ್ಬ. ಹಸಿ ತೊಗರಿಕಾಯಿಗೆ ಉಪ್ಪು ಹಾಕಿ ಕುದಿಸಿ, ಉಡಿಯಲ್ಲಿ ಕಟ್ಟಿಕೊಂಡು, ಗಿರಣಿ ಹಿಂದಿನ ಹೊಟ್ಟಿನ ಗುಡ್ಡೆಯ ಮೇಲೆ ಹಾರಿ ಹಾರಿ ಬೀಳುತ್ತಿದ್ದೆವು. ಮೂಗಿನ ತುಂಬ ಒಣ ವಾಸನೆ. ಸಂಜೆ ಅವ್ವ ಹೊರಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಪುಡಿ ಪುಡಿ. ಅಪ್ಪಿಕೊಂಡರೆ ನನಗೆ ಸೀನು ಬರುತ್ತಿತ್ತು. ಆಕೆ ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು. ಆ ವರ್ಷ ಕೆಮ್ಮು ನಿಲ್ಲಲೇ ಇಲ್ಲ. ಮಲಗಿದರೆ ಎದೆಯಲ್ಲಿ ಸೀಟಿ ಊದಿದ ಹಾಗೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು. ಯಾವ ದವಾಖಾನೆ ಅಂತ ಹೇಳುವುದಿಲ್ಲ, ಈಗ ಅದು ಇಲ್ಲ. ಕಂಪೌಂಡರ್ ಅವ್ವನ ಸೀರೆ ನೋಡಿದ, ಒಡೆದ ಹಿಮ್ಮಡಿ ನೋಡಿದ, ಪಡಸಾಲೆ ತೋರಿಸಿದ. ಮಧ್ಯಾಹ್ನಕ್ಕೆ, ನಾವೇ ಒಯ್ದಿದ್ದ ಸೀಸೆಯಲ್ಲಿ ಕೆಂಪು ಔಷಧ ತುಂಬಿ ಕೊಟ್ಟ. ಡಾಕ್ಟರ ಮುಖ ಕಾಣಲಿಲ್ಲ. ಅಷ್ಟರಲ್ಲಿ ಕಾಳಿನ ಅಡತಿ ವ್ಯಾಪಾರದ ಸೌಕಾರರೊಬ್ಬರ ಹೆಂಡತಿ ಬಂದರು. ಅದೇ ಸೀಟಿ, ಅದೇ ಕೆಮ್ಮು. ಅವರಿಗೆ ಒಳಗೆ ಪಲಂಗ, ಸೂಜಿ, ಬಿಸಿನೀರಿನ ಹಬೆ. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, ಏನು ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ ಎಂದೆಲ್ಲ ಕೇಳಿದರು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತೆ. ಮಾಲು ಒಂದೇ, ಸುತ್ತಿದ ಕಾಗದ ಬೇರೆ. ಹಾಗಾದರೆ ಕಾಗದ ಬದಲಿಸಿದರಾಯಿತು.

ಮಗ್ಗುಲ ಮನೆಯ ನೀಲಮ್ಮ ಕಾಕಿಯ ಸಂದೂಕದಲ್ಲಿ ಅವಳ ಮದುವೆಯ ಇಳಕಲ್ ಸೀರೆ ಇತ್ತು. ಒಂದು ತಿಂಗಳು ನಿಮ್ಮ ಮನೆಗೆ ನೀರು ತುಂಬುತ್ತೇನೆ ಎಂದೆ. ಎರಡು ತಿಂಗಳು ಎಂದಳು. ಒಂದೂವರೆ ತಿಂಗಳು, ಮೇಲೆ ಅಂಗಳ ಸಾರಿಸುವುದು ಅಂತ ಸೌದಾ ಕುದುರಿತು. "ನಿನ್ನ ಗಂಡ ಆಗಾಂವನ ಹಣೇಬರಹ ದೇವರೇ ನೋಡಬೇಕವಾ" ಎಂದು ಕಾಕಿ ಸೀರೆ ತೆಗೆದು ಕೊಟ್ಟಳು.

ಅವ್ವನ ಅಂಗೈಗೆ ಎಣ್ಣೆ ತಿಕ್ಕುತ್ತ ಪಾಠ ಹೇಳಿದೆ. "ಗಿರಣಿ ಸುದ್ದಿ ಎತ್ತಬ್ಯಾಡ. ನಮ್ದು ಕಿರಾಣಿ ಅಂಗಡಿ ಅದ ಅಂತ ನಾ ಹೇಳ್ತೀನಿ."

"ಸುಳ್ಳು ಹೇಳಿದ್ರ ನಾಲಿಗಿ ಬಿದ್ದು ಹೋಗತದ."

"ಹೇಳಾಕಿ ನಾನು. ನಿನ್ನ ನಾಲಿಗಿಗೇನಾಗತದ?"

ಮತ್ತೆ ಹುಮನಾಬಾದಿಗೆ ಹೋದರೆ ಅದೇ ಕಂಪೌಂಡರ್. ಗುರುತು ಹತ್ತಲಿಲ್ಲ. ಬರ್ರಿ ಅಕ್ಕಾರ, ಒಳಗ ಬರ್ರಿ ಎಂದ. ಕಿಟಕಿ ಪಕ್ಕದ ಪಲಂಗ ಸಿಕ್ಕಿತು. ಡಾಕ್ಟರು ಬಂದರು, ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಧೂಳಿನ ಕೆಲಸ ಏನಾದರೂ ಇದೆಯೇ ಅಂದರು. ಇಲ್ಲ ಎಂದೆ. ಒಲೆಯ ಹೊಗೆ? ಅಡಿಗೆಗೆ ಬೇರೆ ಆಳು ಇದ್ದಾಳೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಧೂಳಿನ ಮಾತು ಇನ್ನೊಮ್ಮೆ ಎತ್ತಿದರು. ಅವ್ವ ನನ್ನ ಕಡೆ ನೋಡಿದಳು, ನಾನು ಕಣ್ಣಲ್ಲೇ ಬೇಡ ಎಂದೆ. ಥಂಡಿ ಹವಾ ಒಗ್ಗಿಲ್ಲ ಅಂತ ಬರೆದುಕೊಂಡರು.

ನಾಲ್ಕು ದಿನ ಸೂಜಿ, ಹಬೆ. ಐದನೇ ದಿನ ಅವ್ವ ಬೆನ್ನು ಚಾಚಿ ಮಲಗಿದ್ದನ್ನು ನೋಡಿ ನನಗೆ ಊರು ಗೆದ್ದಷ್ಟು ಸೊಕ್ಕು. ಮನೆಗೆ ಬಂದೆವು, ಸೀರೆ ಒಗೆದು ಮಡಚಿ ಕೊಟ್ಟೆವು. ವಾರಕ್ಕೆ ಅವ್ವ ಗಿರಣಿಗೆ ಹೋದಳು. ಹೋಗಬೇಡ ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಗೊತ್ತೇ ಇರಲಿಲ್ಲ.

ಶಿವರಾತ್ರಿ ಹೊತ್ತಿಗೆ ಒಂದು ದಿನ ಜರಡಿ ಹಿಡಿದಲ್ಲೇ ಕುಸಿದಳು. ತುಟಿ ನೀಲಿ. ಸೀರೆಗೆ ಓಡಾಡುವ ಹೊತ್ತಲ್ಲ. ಗಿರಣಿಯ ಬಟ್ಟೆಯಲ್ಲೇ, ಬೇಳೆ ಮೂಟೆ ಹೇರಿದ್ದ ಲಾರಿಯಲ್ಲಿ ಹುಮನಾಬಾದಿಗೆ ಒಯ್ದೆವು. ಕಂಪೌಂಡರ್ ಮತ್ತೆ ಪಡಸಾಲೆ ತೋರಿಸಿದ. ನಾನು ಒಳಗೆ ನುಗ್ಗಿ ಡಾಕ್ಟರ ಕೋಟು ಹಿಡಿದು ಎಳೆದೆ.

ಅವರು ಹೊರಗೆ ಬಂದು ಅವ್ವನನ್ನು ಗುರುತು ಹಿಡಿದರು. ಕೂದಲಲ್ಲಿ ಸಿಕ್ಕಿದ್ದ ಹೊಟ್ಟನ್ನು ಎರಡು ಬೆರಳಲ್ಲಿ ತೆಗೆದು ನೋಡಿದರು. ಎಷ್ಟು ವರ್ಷದಿಂದ ಅಂತ ಕೇಳಿದರು. ಆರು ಎಂದು ಅವ್ವ ಬೆರಳಲ್ಲಿ ತೋರಿಸಿದಳು.

"ಎರಡು ಸಲ ಕೇಳಿದ್ನಲ್ಲ ತಾಯಿ. ಹೇಳಿದ್ರ ಅವತ್ತೇ ಆ ಕೆಲಸ ಬಿಡಸ್ತಿದ್ದೆ."

ಅವ್ವ ಒಂದೊಂದು ಮಾತಿಗೂ ನಿಂತು ನಿಂತು ಹೇಳಿದಳು. "ಹೇಳಿದ್ರ... ಪಲಂಗ... ಕೊಡ್ತಿದ್ರೇನ್ರಿ ಸಾಹೇಬ್ರ?"

ಡಾಕ್ಟರು ಬಗ್ಗಿದರು. ತಾವೇ ಒಂದು ಕಡೆ ತೋಳು ಹಿಡಿದರು, ಇನ್ನೊಂದು ಕಡೆ ಹಿಡಿ ಎಂದು ಕಂಪೌಂಡರಿಗೆ ಹೇಳಿದರು. ಅವತ್ತು ಗಿರಣಿಯ ಸೀರೆಯಲ್ಲೇ ಅವ್ವ ಪಲಂಗದ ಮೇಲೆ ಮಲಗಿದಳು. ಧೂಳು ಒಳಗೆ ಕೂತುಬಿಟ್ಟಿದೆ, ಗಿರಣಿ ಬಿಟ್ಟರೆ ಇದ್ದಷ್ಟಾದರೂ ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಅಂತ ಡಾಕ್ಟರು ನೇರವಾಗಿ ಹೇಳಿದರು. ಗಿರಣಿ ಬಿಡಿಸಿದೆವು. ನಾನು ಶಾಲೆ ಬಿಟ್ಟು ಭಾಂಡೆ ಬುಟ್ಟಿ ಹೊತ್ತು ಓಣಿ ಓಣಿ ಮಾರಲು ಹೊರಟೆ.

ನನ್ನ ಮಾತು ಕೇಳಿರಿ. ಬಟ್ಟೆ ಅಂಗಡಿಯವನಿಗೆ ಸುಳ್ಳು ಹೇಳಿರಿ, ದಲಾಲನಿಗೆ ಹೇಳಿರಿ, ಬೀಗರಿಗೂ ಹೇಳಿರಿ. ಡಾಕ್ಟರು ಏನು ಕೆಲಸ ಅಂತ ಕೇಳಿದರೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿರಿ. ಆದರೆ ಪಡಸಾಲೆಯಲ್ಲಿ ಕೂತವರಿಗೆ ಈ ಬುದ್ಧಿವಾದ ಹೇಳುವಾಗ ನನ್ನ ದನಿ ಇಳಿಯುತ್ತದೆ. ಹೇಳಿದ್ದರೆ ಪಲಂಗ ಕೊಡುತ್ತಿದ್ದರೇ ಅಂತ ಅವ್ವ ಕೇಳಿದ್ದು ನೆನಪಾಗುತ್ತದೆ.

ಆಮೇಲೆ ಅವ್ವ ಬದುಕಿದ್ದು ಏಳು ವರ್ಷ, ಹೊಸ್ತಿಲ ಹತ್ತಿರ ಕೂತು. ಸೀರೆ ತಂದ ದಿನದಿಂದ ಶಿವರಾತ್ರಿಯವರೆಗೆ ಆಕೆ ನುಂಗಿದ ಧೂಳು ನನ್ನ ಜಾಣತನದ ಧೂಳು. ಅದೊಂದು ಆಗದಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದಳೋ ಏನೋ. ಆ ಸುಳ್ಳಿಗಾಗಿ ಆಕೆ ನನಗೆ ಒಂದು ದಿನವೂ ಬೈಯಲಿಲ್ಲ. ಮನಸ್ಸು ಬರಲಿಲ್ಲವೋ, ಬೈಯುವಷ್ಟು ಉಸಿರು ಉಳಿದಿರಲಿಲ್ಲವೋ, ನಾನು ಕೇಳಲಿಲ್ಲ.