ವೈನಿಗೆ ತಕ್ಕ ಅಡುಗೆ

ಹೊಲಿಗೆಯಕ್ಕನ ಗಂಡನಿಗೆ ವೈನ್ ಅಂಗಡಿಯಲ್ಲಿ ಕೆಲಸ. ಮದುವೆ ಊಟಕ್ಕೆ ಯಾವುದು, ಮೀನಿಗೆ ಯಾವುದು, ಕೋಳಿಗೆ ಯಾವುದು ಎಂದು ಕೇಳಿಕೊಂಡು ಬಂದವರಿಗೆಲ್ಲ ಅಳೆದು ಸುರಿದು ಬಾಟಲಿ ಆರಿಸಿಕೊಡುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಯಾರ ಗಂಟು ಹೋಗುತ್ತಿತ್ತು? ಮನೆಗೆ ಬಂದ ಮೇಲೂ ಆ ಚಾಳಿ ಬಿಡಲೊಲ್ಲದು. ಲೋಕದವರೆಲ್ಲ ಅಡುಗೆಗೆ ತಕ್ಕ ವೈನ್ ಹುಡುಕಿದರೆ, ಈ ಮಹಾರಾಯ ಮೊದಲು ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿ, ಇದಕ್ಕೆ ಒಪ್ಪುವಂಥದ್ದೇನಾದರೂ ಮಾಡು ಅನ್ನುತ್ತಿದ್ದ.

ಅವಳೇನು ಕೈಕಟ್ಟಿ ಕೂತವಳಲ್ಲ. ಮುಂದಿನ ಕೋಣೆಯಲ್ಲಿ ಯಂತ್ರ ಹಾಕಿಕೊಂಡು, ಬೀದಿಯವರ ಪರದೆ, ಕೋಟು, ಮದುವೆ ಬಟ್ಟೆ ಎಲ್ಲ ಹೊಲಿದು ಮಗಳನ್ನು ಓದಿಸಿದವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಗದರುವ ಗಟ್ಟಿಗಿತ್ತಿ. ಆದರೆ ಅಡುಗೆಮನೆಗೆ ಬಂದರೆ ಆ ಗಟ್ಟಿತನವೆಲ್ಲ ಎಲ್ಲಿ ಹೋಗುತ್ತಿತ್ತೋ, ದೇವರೇ ಬಲ್ಲ. ನೆಂಟರು ಬಂದಾಗಲೆಲ್ಲ ಅವರು ಮೇಜಿನ ಮುಂದೆ, ಇವಳು ಒಲೆಯ ಮುಂದೆ. ಎಲ್ಲರದೂ ಮುಗಿದ ಮೇಲೆ ಇವಳ ತಟ್ಟೆಗೆ ಅಳಿದುಳಿದದ್ದು, ಅದೂ ತಣ್ಣಗಾದದ್ದು.

ತನಗೆ ಅರವತ್ತು ತುಂಬುವ ದಿನ ಹತ್ತಿರ ಬಂದಾಗ ಅವಳು ಕೇಳಿಕೊಂಡದ್ದು ಒಂದೇ: ಅವತ್ತು ಮಧ್ಯಾಹ್ನ ತಾನೂ ಎಲ್ಲರ ಜೊತೆ ಕೂತು ಬಿಸಿಬಿಸಿಯಾಗಿ ಉಣ್ಣಬೇಕು. ಅದಕ್ಕೇನಂತೆ, ಆಗಲಿ ಎಂದ ಗಂಡ. ಮಾರನೆಯ ಸಂಜೆಯೇ ಒಂದು ಕೆಂಪು ವೈನ್ ಹಿಡಿದು ಬಂದ. ಭಾರಿ ಒಗರಂತೆ, ಮಾಂಸಕ್ಕೆ ಹೇಳಿ ಮಾಡಿಸಿದ್ದಂತೆ. ಅಲ್ಲಿಂದ ಶುರುವಾಯಿತು ನೋಡಿ ತಾಲೀಮು. ಖಾರವಾದರೆ ವೈನ್ ನಾಲಿಗೆ ಸುಡುತ್ತದೆ, ಮೆಣಸಿನಕಾಯಿ ತೆಗೆ. ನಿಂಬೆ ಹಿಂಡಿದರೆ ವೈನ್ ಸಪ್ಪೆಯಾಗುತ್ತದೆ, ನಿಂಬೆ ಬೇಡ. ಅವಳಿಗೋ ಖಾರ ಹುಳಿ ಇಲ್ಲದ ತುತ್ತು ಗಂಟಲಲ್ಲಿ ಇಳಿಯದು. ಅದನ್ನು ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸಂಜೆ ಸಂಜೆ ಅದೇ ಮಾಂಸ ಬೇಯಿಸಿ ಬೇಯಿಸಿ ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಆ ಕೆಂಪು ವೈನ್ ಕುಡಿದರೆ ತಲೆನೋವು ಬೇರೆ.

ಆ ದಿನ ಮಗಳು ಬಂದಳು, ತಂಗಿಯೂ ಬಂದಳು. ಎಲ್ಲ ಬಡಿಸಿ ಅವಳು ಕುರ್ಚಿ ಎಳೆದು ಕೂತಿದ್ದಷ್ಟೇ. ಗಂಡ ಒಂದು ಗುಟುಕು ಕುಡಿದು, ಒಂದು ತುಂಡು ಬಾಯಿಗಿಟ್ಟು, ಮುಖ ಕಿವುಚಿದ. ಉಪ್ಪು ಸಾಲದು, ವೈನಿನ ಒಗರು ಮುರಿಯುತ್ತಿಲ್ಲ, ಎಲ್ಲರ ತಟ್ಟೆಯದೂ ವಾಪಸ್ ಬಾಣಲೆಗೆ ಹಾಕಿ ಇನ್ನೊಂದು ಕುದಿ ಬರಿಸಿಬಿಡು ಎಂದ. ಕೈಗೆ ಬಂದ ತುತ್ತು ಬಾಯಿಗಿಲ್ಲ.

ಅವಳು ಏಪ್ರನ್ ಬಿಚ್ಚಿ ಅವನ ಮಡಿಲಿಗೆ ಹಾಕಿದಳು.

"ರೀ, ನಾನು ಜನರ ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸ್ತೀನಿ. ನೀವು ಬಟ್ಟೆಗೆ ತಕ್ಕ ಹಾಗೆ ಮನುಷ್ಯರನ್ನೇ ಕತ್ತರಿಸ್ತಿದೀರಿ. ನನಗೆ ಈ ಸಪ್ಪೆ ಮಾಂಸಾನೂ ಬೇಡ, ನಾನು ಏಳೋದೂ ಇಲ್ಲ. ಏನು ಬೇಕಾದ್ರೂ ಮಾಡಿ ಕೊಡಿ, ಬಿಸಿಯಾಗಿರಲಿ."

ತಂಗಿ ಏಳಹೋದಳು, ಮಗಳು ಚಿಕ್ಕಮ್ಮನ ಕೈ ಹಿಡಿದು ಕೂರಿಸಿದಳು. ಕೊನೆಗೆ ಗಂಡನೇ ಎದ್ದು ಅಡುಗೆಮನೆಗೆ ನಡೆದ. ಒಲೆ ಹಚ್ಚಲೂ ತಡಕಾಡುವ ಗಂಡಸು ಒಳಗೆ ಏನೇನು ಬೀಳಿಸಿದನೋ, ಸದ್ದಂತೂ ಜೋರಾಗಿ ಕೇಳುತ್ತಿತ್ತು. ಅಯ್ಯೋ, ಎದ್ದು ಹೋಗಿ ತಾನೇ ಮಾಡಿಬಿಡೋಣ ಅನ್ನಿಸಿತು ಅವಳಿಗೆ. ಹಲ್ಲು ಕಚ್ಚಿ ಕೂತಳು.

ಅಂತೂ ಒಂದು ಆಮ್ಲೆಟ್ ಬಂತು. ಅಂಚು ಸೀದಿತ್ತು. ಹಸಿಮೆಣಸಿನಕಾಯಿ ಕೊಚ್ಚಿ ಸುರಿದಿದ್ದ, ಮೇಲೆ ಧಾರಾಳವಾಗಿ ನಿಂಬೆ ಹಿಂಡಿದ್ದ. ಅವಳು ಒಂದು ತುತ್ತು ತಿಂದು ಅವನ ಮುಖ ನೋಡಿದಳು.

"ಅಂದ್ರೆ ನನಗೇನು ಇಷ್ಟ ಅಂತ ಗೊತ್ತಿತ್ತು ನಿಮಗೆ," ಅಂದಳು. "ಇಷ್ಟು ವರ್ಷ ಗೊತ್ತಿತ್ತು."

ಅವಳಿಗೆ ಬಂದ ಸಿಟ್ಟಿಗೆ ತಟ್ಟೆ ಎತ್ತಿ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಆರಿಹೋದೀತೆಂದು ಬೇಗ ಬೇಗ ತಿಂದಳು.