ಚಾಚಾ ಕಟ್ಟಿದ ಗಂಟು

ಕಣ್ಣು ತುರಿಸಿದರೆ ಚಾಚಾ ಕೈ ಬಳಸುತ್ತಿರಲಿಲ್ಲ. ತೋಳೆತ್ತಿ, ಭುಜದ ಮೇಲಿನ ಅಂಗಿಗೆ ಕಣ್ಣನ್ನು ಒತ್ತಿ ಉಜ್ಜುತ್ತಿದ್ದರು. ಅದರಿಂದಾಗಿ ಅವರ ಅಂಗಿಗಳು ಕಾಲರಿಗಿಂತ ಮೊದಲು ಭುಜದಲ್ಲಿ ಮಾಸುತ್ತಿದ್ದವು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೇರಿ, ಇಳಿಸಿ ಆಯುಷ್ಯ ಕಳೆದ ಮನುಷ್ಯ. ಹಬ್ಬದ ದಿನ ಮಿಂದು ಅತ್ತರು ಹಚ್ಚಿಕೊಂಡು ಕುಳಿತಾಗಲೂ ಅಂಗೈಯನ್ನು ಮುಖದ ಹತ್ತಿರ ತರುವ ಧೈರ್ಯ ಅವರಿಗಿರಲಿಲ್ಲ.

ನಾನು ಹಾವೇರಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೆಣಸಿನಕಾಯಿ ದರ ಬರೆದುಕೊಳ್ಳಲು ಬ್ಯಾಡಗಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸು ತಪ್ಪಿತು. ಚಾಚಾ ತಮ್ಮ ಪಿಕಪ್‌ನ ಬಾಗಿಲು ತೆರೆದು, "ಬರ್ರಿ ಸಾಹೇಬ್ರ, ಸುದ್ದಿ ಲೋಡ್ ಮಾಡ್ಕೊಂಡು ಹೊಂಟೀರಿ, ನಮ್ಮ ಗಾಡ್ಯಾಗೂ ಜಾಗ ಐತಿ" ಎಂದರು. ದಾರಿಯಲ್ಲಿ ಮೇಲಿಂದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಚೀಲಗಳಿಗೆ ಬಿಗಿದ ಹಗ್ಗವನ್ನು ಜಗ್ಗಿ ನೋಡಿ ಮತ್ತೆ ಹತ್ತುತ್ತಿದ್ದರು. ಎದುರಿಗೆ ಬಂದ ಗಾಡಿಗಳ ಹೇರು ಒಂದಿಷ್ಟು ವಾಲಿದ್ದರೂ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದರು:

"ಏ ತಮ್ಮಾ, ನಿನ್ನ ಲೋಡ್ ನೋಡೋ! ಊಟ ಆದಮ್ಯಾಲೆ ಬೀಗರು ಗ್ವಾಡಿಗೆ ಒರಗಿದಂಗ ಒರಗೈತಲ್ಲೋ!"

ಬೈಸಿಕೊಂಡವರು ನಗುತ್ತ ಗಾಡಿ ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ನಡುವೆ ಪಿಕಪ್ ಓಡಿಸುತ್ತಿದ್ದವರಲ್ಲಿ ಅರ್ಧ ಜನ ಗಾಡಿ ಕಲಿತದ್ದು ಅವರ ಹತ್ತಿರ. ಉಳಿದರ್ಧ ಜನ ಬೈಗುಳದಿಂದ ಕಲಿತವರು.

ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಿಕಪ್ ಓಟವನ್ನು ಶುರು ಮಾಡಿದ್ದೂ ಅವರೇ. ಚಹದಂಗಡಿಯೊಂದರ ಜಗಳದಿಂದ ಹುಟ್ಟಿದ ಓಟ ಅದು. ಹೇರು ತುಂಬಿದ ಗಾಡಿಯನ್ನು ಯಾರು ಜೋರಾಗಿ ಓಡಿಸುತ್ತಾರೆ ಎಂದು ರಾಣೆಬೆನ್ನೂರಿನವರಿಗೂ ಬ್ಯಾಡಗಿಯವರಿಗೂ ಮಾತಿಗೆ ಮಾತು ಬೆಳೆದು, ಇಬ್ಬರು ಹೆದ್ದಾರಿಯಲ್ಲೇ ತೀರ್ಮಾನ ಮಾಡಿಕೊಳ್ಳಲು ಹೊರಟಿದ್ದರಂತೆ. ಚಾಚಾ ಅವರ ಕೀಲಿಕೈ ಕಸಿದುಕೊಂಡು, "ಹೆದ್ದಾರಿ ನಿಮ್ಮಪ್ಪಂದಲ್ಲ. ಓಡಬೇಕಂದ್ರ ಕೆರ್ಯಾಗ ಓಡ್ರಿ" ಎಂದರು. ಕದರಮಂಡಲಗಿಯ ಕಡೆ ಹೋಗುವ ರಸ್ತೆಯ ಬದಿಗೆ ಒಂದು ಕೆರೆ ಇತ್ತು. ಬೇಸಿಗೆಗೆ ಬತ್ತಿ ಬಯಲಾಗುತ್ತಿತ್ತು. ಅಲ್ಲಿ ಹಳೆಯ ಟೈರು ಇಟ್ಟು, ಸುಣ್ಣದ ಪುಡಿಯಿಂದ ಮೊಟ್ಟೆಯಾಕಾರದ ಗೆರೆ ಎಳೆದರು. ಮೆಣಸಿನಕಾಯಿ ಸುಗ್ಗಿ ಮುಗಿದು ಮಳೆ ಬೀಳುವುದರೊಳಗೆ, ಪ್ರತಿವರ್ಷ, ಅದೇ ಗೆರೆಯ ಸುತ್ತ ಗಾಡಿಗಳು ಧೂಳೆಬ್ಬಿಸಿದವು. ಜನ ಕೆರೆಯ ಏರಿಯ ಮೇಲೆ ಬುತ್ತಿ ಕಟ್ಟಿಕೊಂಡು ಬಂದು ಕುಳಿತು ನೋಡುತ್ತಿದ್ದರು.

ಓಟಕ್ಕೆ ಎರಡೇ ನಿಯಮ. ಗಾಡಿ ಖಾಲಿ ಓಡುವಂತಿಲ್ಲ. ಹೊಟ್ಟು ತುಂಬಿದ ಮೆಣಸಿನಕಾಯಿ ಚೀಲಗಳನ್ನು ಆಳೆತ್ತರ ಹೇರಿರಬೇಕು. ಎರಡನೆಯದು, ನಿಮ್ಮ ಗಾಡಿಯ ಹಗ್ಗವನ್ನು ನೀವು ಕಟ್ಟುವಂತಿಲ್ಲ. ಎದುರಾಳಿ ಕಟ್ಟಬೇಕು, ಅವನದನ್ನು ನೀವು ಕಟ್ಟಬೇಕು. ಚೀಲ ಬಿದ್ದರೆ ಓಡಿಸಿದವನೂ ಕಟ್ಟಿದವನೂ ಇಬ್ಬರೂ ಹೊರಗೆ. ಇದೆಂಥ ನಿಯಮ ಎಂದು ನಾನು ಕೇಳಿದ್ದಕ್ಕೆ ಚಾಚಾ ಹೇಳಿದ್ದರು:

"ಅವನ ಜೀವ ಇವನ ಕೈಯಾಗ, ಇವನ ಜೀವ ಅವನ ಕೈಯಾಗ. ಆಮ್ಯಾಲೆ ಎಷ್ಟು ಬೇಕಾದ್ರೂ ಹೊಡದಾಡ್ಲಿ, ನಂಗೇನೂ ಚಿಂತಿ ಇಲ್ಲ."

ಗಂಟು ಹಾಕಿದ ಮೇಲೆ ಅದರ ಮೇಲೆ ಒಂದು ಚರಿಗೆ ನೀರು ಸುರಿಯುವುದು ವಾಡಿಕೆ. ಆಗ ಎಲ್ಲರದೂ ಪುಂಡಿನಾರಿನ ಹಗ್ಗ. ನೀರು ಕುಡಿದರೆ ನಾರು ಉಬ್ಬಿ ಗಂಟು ಕಲ್ಲಿನಂತಾಗುತ್ತದೆ. ನೀರು ಸುರಿದ ಮೇಲೆಯೇ ಚಾಚಾ ಬಾವುಟ ಎತ್ತುತ್ತಿದ್ದರು.

ನಾನು ಪ್ರತಿವರ್ಷವೂ ಆ ಓಟದ ಸುದ್ದಿ ಕಳಿಸಿದೆ. ಗೆದ್ದವರಲ್ಲಿ ಹೆಚ್ಚು ಸಲ ಕಾಣಿಸಿಕೊಂಡವನು ಅಗಡಿಯ ಒಬ್ಬ ಚಾಲಕ. ಒಕ್ಕಲುತನದ ಮನೆಯ ಹುಡುಗ. ಚಾಚಾನ ಹತ್ತಿರವೇ ಗಾಡಿ ಕಲಿತವನು. ಚಾಚಾ ಅವನನ್ನು "ಅಳಿಯಾ" ಎಂದೇ ಕರೆಯುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ ಅವರು. ಯಾರಾದರೂ ಕೆಣಕಿದರೆ, "ಅಲ್ಲಾ ನಂಗ ಮಗಳನ್ನ ಕೊಡಲಿಲ್ಲ, ಸೀದಾ ಅಳಿಯನ್ನ ಕೊಟ್ಟ. ಖರ್ಚು ಉಳೀತು" ಎನ್ನುತ್ತಿದ್ದರು. ಅವನ ಮದುವೆಯಲ್ಲಿ ಹುಡುಗಿಯ ಕಡೆಯವರ ಜೊತೆ ಗಟ್ಟಿ ದನಿಯಲ್ಲಿ ಜಗಳವಾಡಿ, ತಾವೇ ಬೀಗರೆಂಬಂತೆ ಮೊದಲ ಪಂಕ್ತಿಯಲ್ಲಿ ಕುಳಿತು ಉಂಡರು.

ಕಣ್ಣು ಮಂಜಾದ ಮೇಲೆ ಚಾಚಾ ಗಾಡಿ ಬಿಟ್ಟರು. ಓಟ ಮಾತ್ರ ಬಿಡಲಿಲ್ಲ. ಅವರು ಮನೆಯಲ್ಲಿ ಕುಳಿತ ವರ್ಷಗಳಲ್ಲಿ ಪುಂಡಿನಾರಿನ ಹಗ್ಗ ರಸ್ತೆಯಿಂದ ಮರೆಯಾಗಿ ನೀಲಿ ಪ್ಲಾಸ್ಟಿಕ್ ಹಗ್ಗ ಬಂತು; ಓಟದಲ್ಲಿ ಮಾತ್ರ ಹಳೆಯದೇ ನಡೆದಿತ್ತು. ಕೊನೆಯ ಓಟದ ವರ್ಷ ವ್ಯಾಪಾರಿಯೊಬ್ಬರು ಎಲ್ಲ ಗಾಡಿಗಳಿಗೂ ಹೊಸ ನೀಲಿ ಹಗ್ಗ ಕೊಡಿಸಿದರು. ಚಾಚಾ ಅದನ್ನು ಕೈಯಲ್ಲಿ ತೂಗಿ ನೋಡಿ ಖುಷಿಪಟ್ಟರು. "ಹಗೂರ ಐತಿ, ಚಂದನೂ ಐತಿ" ಎಂದರು.

ಆ ವರ್ಷ ಗಾಡಿಗಳ ಸಂಖ್ಯೆ ಬೆಸವಾಯಿತು. ಗುತ್ತಲದಿಂದ ತಡವಾಗಿ ಬಂದ ಒಬ್ಬ ಚಾಲಕನಿಗೆ ಜೋಡಿ ಸಿಗಲಿಲ್ಲ. ಅವನ ಹೇರನ್ನು ಕಟ್ಟುವವರಿಲ್ಲ. ಚಾಚಾ, "ಸರೀರಿ, ನಾ ಕಟ್ತೀನಿ" ಎಂದು ತೋಳೇರಿಸಿದರು. ಏರಿಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಅವರು ಗಂಟು ಹಾಕಿದರು. ಚರಿಗೆಯಿಂದ ನೀರು ಸುರಿದರು. ಬಾವುಟ ಎತ್ತಿದರು.

ಕೊನೆಯ ಸುತ್ತಿನ ತಿರುವಿನಲ್ಲಿ ಗುತ್ತಲದ ಗಾಡಿಯ ಹಗ್ಗ ಜಾರಿತು. ಚೀಲಗಳು ಒಂದರ ಹಿಂದೊಂದು ಉರುಳಿದವು. ಹಿಂದೆ ಬರುತ್ತಿದ್ದ ಅಗಡಿಯವನ ಗಾಡಿ ಒಂದು ಚೀಲದ ಮೇಲೆ ಹತ್ತಿ, ಎತ್ತರದ ಹೇರಿನ ಭಾರಕ್ಕೆ ಮಗುಚಿ ಬಿತ್ತು. ಅವನನ್ನು ಹೊರಗೆಳೆಯುವಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಹಗ್ಗ ಹರಿದು ಆದ ಅವಘಡವೆಂದು ಬರೆದುಕೊಂಡರು. ಚಾಲಕರೆಲ್ಲ ಹಾಗೆಯೇ ಹೇಳಿಕೆ ಕೊಟ್ಟಿದ್ದರು. ನಾನು ಸ್ಥಳದಲ್ಲಿದ್ದೆ. ಹಗ್ಗ ಎಲ್ಲಿಯೂ ಹರಿದಿರಲಿಲ್ಲ. 'ಹಗ್ಗ ಸಡಿಲಗೊಂಡು' ಎಂದಷ್ಟೇ ಬರೆದೆ. ಓಟ ಅಲ್ಲಿಗೆ ನಿಂತಿತು. ಯಾರೂ ನಿಷೇಧಿಸಲಿಲ್ಲ, ಮರುವರ್ಷ ಯಾರೂ ಬರಲಿಲ್ಲ. ಅದರ ಮುಂದಿನ ವರ್ಷ ನದಿಯ ನೀರು ತಂದು ಕೆರೆ ತುಂಬಿಸಿದರು.

ಘಟನೆ ನಡೆದ ಕೆಲವೇ ದಿನಕ್ಕೆ ಇನ್ನೊಂದು ವರದಿಗಾಗಿ ಗುತ್ತಲದ ಚಾಲಕನನ್ನು ಕಂಡೆ. ಅವನು ಹೇಳಿದ:

"ಪ್ಲಾಸ್ಟಿಕ್ ಹಗ್ಗಕ್ಕ ನೀರು ಹಾಕಬಾರದ್ರಿ. ಒದ್ದಿ ಆದ್ರ ಗಂಟು ಜಾರತೈತಿ. ದಿನಾ ಕಟ್ಟೋರಿಗೆ ಎಲ್ಲಾರಿಗೂ ಗೊತ್ತೈತಿ. ಉಳದವರು ಚರಿಗಿ ನೀರು ಗಂಟಿಗೆ ಹಾಕದ ನೆಲಕ್ಕ ಚೆಲ್ಲಿದ್ರು, ಚಾಚಾನ ಮಂಜುಗಣ್ಣಿಗೆ ಕಾಣಲಿಲ್ಲ."

"ಚಾಚಾ ನೀರು ಹಾಕೂದು ನೀವು ನೋಡಿದ್ರೇನು?"

"ಬಾಜೂಕ ನಿಂತಿದ್ನಿ. ಚಾಚಾಗ ಹೆಂಗ ಹೇಳೂದ್ರಿ? ಅಷ್ಟು ಮಂದಿ ಮುಂದ?"

ಚಾಚಾ ಆಗ ಬ್ಯಾಡಗಿಯಲ್ಲಿ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ನನ್ನ ಗಂಟಿಗೆ ಏನಾಯಿತು? ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: ನಿಮ್ಮ ಗಂಟಿಗೆ ಏನೂ ಆಗಿಲ್ಲ ಚಾಚಾ, ಹಗ್ಗ ಹರೀತು. ಅವರು ನನ್ನನ್ನು ಕರೆಸಿಕೊಂಡರು.

"ಪೇಪರ್‌ನವರು ಸುಳ್ಳು ಬರೀತಾರಂತ ಮಂದಿ ಬೈತಾರ. ಆದ್ರ ಈ ಊರಾಗ ನಂಗ ಸುಳ್ಳು ಹೇಳದವರು ಯಾರೂ ಉಳದಿಲ್ರಿ. ನೀವಾರ ಹೇಳ್ರಿ."

ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಅವರು ಅಳಲಿಲ್ಲ. ನೀರಿನ ವಿಷಯವನ್ನು ಒಂದು ಸಲಕ್ಕೆ ಒಪ್ಪಿಕೊಂಡರು. ಅವರನ್ನು ಕೆಡವಿದ್ದು ಇನ್ನೊಂದು.

"ಬಾಜೂಕ ನಿಂತು ನೋಡಿದ್ನಾ? ಉಳದವರು?"

"ಬಹಳ ಮಂದಿ ನೋಡ್ಯಾರ, ಚಾಚಾ."

"ಹಂಗಾರ ನಂಗ ಮರ್ಯಾದಿ ಕೊಟ್ರು" ಎಂದರು. "ಅವನ ಜೀವ ತಗದು ನಂಗ ಮರ್ಯಾದಿ ಕೊಟ್ರು."

ಮರುದಿನ ಅವರನ್ನು ನನ್ನ ಬೈಕಿನಲ್ಲಿ ಅಗಡಿಗೆ ಕರೆದುಕೊಂಡು ಹೋದೆ. ಸತ್ತವನ ಹೆಂಡತಿ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದಳು. "ಬರ್ರಿ ಚಾಚಾ, ಕುಂದ್ರಿ" ಎಂದು ಚಾಪೆ ಹಾಸಿದಳು. ಚಾಚಾ ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದರು:

"ಯವ್ವಾ, ಹಗ್ಗ ಹರದಿಲ್ಲ. ನಾ ನೀರು ಹಾಕಿದ್ನಿ. ನನ್ನ ಗಂಟು ಜಾರಿತು. ನಿನ್ನ ಗಂಡ ಸತ್ತಿದ್ದು ನನ್ನಿಂದ."

ಆಕೆ ಮೊರದ ಮೇಲಿನ ಕೈ ತೆಗೆಯಲಿಲ್ಲ.

"ಗೊತ್ತೈತಿ ಚಾಚಾ. ಅವತ್ತ ಗಾಡಿ ಹತ್ತೂ ಮುಂದ ನಮ್ಮನಿಯವರು ನೀರು ಕುಡ್ಯಾಕ ಏರಿ ಮ್ಯಾಲೆ ನನ್ನ ಹತ್ರ ಬಂದಿದ್ರು. 'ಚಾಚಾ ಪ್ಲಾಸ್ಟಿಕ್ ಹಗ್ಗಕ್ಕ ನೀರು ಹಾಕ್ಯಾನ, ಇವತ್ತ ಆ ಗಾಡಿ ಹಿಂದ ದೂರ ಇರಬೇಕು' ಅಂದ್ರು. ಹೋಗಿ ಹೇಳ್ರಿ ಅಂದ್ನಿ. 'ಹುಚ್ಚಿ, ಮಂದ್ಯಾಗ ಚಾಚಾನ ಮಾನ ಕಳೀಲೇನು' ಅಂದ್ರು. ಮೊದಲ ದೂರ ಇದ್ರು. ಕಡೀ ಸುತ್ತಿನ್ಯಾಗ ಮರತ್ರು ಅಂತ ಕಾಣತೈತಿ."

ಚಾಚಾ ಚಾಪೆಯ ಮೇಲೆ ಕುಳಿತರು. ಆಕೆ ಎದ್ದು ಚಹಾ ಮಾಡಲು ಒಳಗೆ ಹೋದಳು. ಆ ಚಹಾವನ್ನು ಅವರು ಕುಡಿದರು.

ಆಮೇಲೆ ಕೆಲವು ದಿನ ಚಹದಂಗಡಿಯಲ್ಲಿ ಚಾಲಕರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, "ನೀನೂ ನೋಡಿದ್ದೇನು?" ಎಂದು ಕೇಳಿದರು. "ಇಲ್ಲ ಚಾಚಾ, ನಾ ಆ ಕಡೆ ಇದ್ನಿ" ಎಂದು ಎಲ್ಲರೂ ಹೇಳಿದರು. ಆ ದಿನ ಆ ಗಾಡಿಯ ಈ ಕಡೆ ಯಾರೂ ಇರಲಿಲ್ಲವೆಂದೇ ಲೆಕ್ಕ. "ನಂಗ ಬೈರೋ, ಒಬ್ಬನಾರ ಬೈರೋ" ಎಂದು ಒಮ್ಮೆ ಕೂಗಾಡಿದರಂತೆ. ಯಾರೋ ಕುರ್ಚಿ ತಂದು ಕೂರಿಸಿ, ನೀರು ಕೊಟ್ಟು, ಗಾಡಿಯಲ್ಲಿ ಮನೆಗೆ ಬಿಟ್ಟು ಬಂದರು. ಆನಂತರ ಅವರು ಅಂಗಡಿಯ ಕಡೆ ಬರಲಿಲ್ಲ.

ಕೆರೆ ತುಂಬಿದ ವರ್ಷ ಚಾಚಾ ಉಸಿರಿನ ಕಾಯಿಲೆ ಹಿಡಿದು ಹಾಸಿಗೆಗೆ ಬಿದ್ದಾಗ ನೋಡಲು ಹೋಗಿದ್ದೆ. ಚಾಲಕರು ನಾಲ್ಕಾರು ಮಂದಿ ಹಣ್ಣು ಹಿಡಿದುಕೊಂಡು ಬಂದಿದ್ದರು. ಒಬ್ಬ ಅವರ ಕಾಲು ಒತ್ತುತ್ತ, "ಲಗೂನ ಏಳ್ರಿ ಚಾಚಾ. ಬರೂ ವರ್ಷ ಮತ್ತ ಓಟ ಇಡೂಣು. ನೀವ ಬಾವುಟ ಹಿಡೀಬೇಕು" ಎಂದ. ಉಳಿದವರು ಹೌದು ಹೌದೆಂದರು.

ಚಾಚಾ ನನ್ನ ಕಡೆ ತಿರುಗಿದರು. "ಖರೇ ಏನ್ರಿ?"

"ಇಲ್ಲ ಚಾಚಾ" ಎಂದೆ. "ಕೆರ್ಯಾಗ ನೀರು ನಿಂತೈತಿ. ಮತ್ತ ಯಾರೂ ಓಡ್ಸೂದಿಲ್ಲ."

"ಬರೋಬ್ಬರಿ" ಎಂದು ಕಣ್ಣು ಮುಚ್ಚಿಕೊಂಡರು. ಅದು ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಹೊರಗೆ ಬಂದ ಮೇಲೆ ಕಾಲೊತ್ತುತ್ತಿದ್ದವನು ನನ್ನನ್ನು ತಡೆದ. "ಸಾಯೂ ಮನಷ್ಯಾಗ ಒಂದ ಸುಳ್ಳು ಹೇಳಿದ್ರ ನಿಮ್ದೇನು ಹೋಗ್ತಿತ್ರಿ?"

ಆ ವಾರವೇ ಚಾಚಾ ತೀರಿಕೊಂಡರು. ಮಣ್ಣಿಗೆ ಮೂರೂ ಊರುಗಳ ಚಾಲಕರು ಬಂದಿದ್ದರು. ರಸ್ತೆಯ ಎರಡೂ ಬದಿಗೆ ಪಿಕಪ್‌ಗಳು ನಿಂತಿದ್ದವು. ಗುತ್ತಲದ ಚಾಲಕನೂ ಬಂದಿದ್ದ. ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಳ್ಳುತ್ತ ಪಕ್ಕದವನಿಗೆ ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏನ ಅನ್ನು, ಚಾಚಾ ಕಟ್ಟಿದ ಗಂಟು ಒಮ್ಮಿನೂ ಜಾರಿದ್ದಿಲ್ಲ ನೋಡು."

ಪಕ್ಕದವನು ಹೌದೆಂದು ತಲೆಯಾಡಿಸಿದ.