ನೀರು ಕದಿಯಲು ಬಂದ ಹೂಜಿ

ಹೋದ ಏಪ್ರಿಲ್‌ನಲ್ಲಿ, ಇಲ್ಲಿನ ಡಚ್ ರಾಜನ ಹುಟ್ಟುಹಬ್ಬದ ದಿನ, ಡೀಮೆನ್‌ನ ನಮ್ಮ ಬೀದಿಯಲ್ಲಿ ಮಕ್ಕಳು ಚಾಪೆ ಹಾಸಿಕೊಂಡು ಹಳೆಯ ಆಟದ ಸಾಮಾನು ಮಾರುತ್ತಿದ್ದರು. ಆ ದಿನ ಈ ದೇಶದಲ್ಲಿ ಯಾರು ಬೇಕಾದರೂ ಬೀದಿಯಲ್ಲಿ ಅಂಗಡಿ ಇಡಬಹುದು. ತಲೆಯಿಲ್ಲದ ಗೊಂಬೆ, ಒಂಟಿ ಸ್ಕೇಟು, ಇವುಗಳ ನಡುವೆ ಒಂದು ಪ್ಲಾಸ್ಟಿಕ್ ಲೋಟ ಕಣ್ಣಿಗೆ ಬಿತ್ತು. ನೇರಳೆ ಬಣ್ಣ, ಉದ್ದ ಕುತ್ತಿಗೆ, ಉಬ್ಬಿದ ಹೊಟ್ಟೆ, ಸಾಲಾಗಿ ಮೂರು ಕಣ್ಣು. ಮೂಸಿದರೆ ಯಾವುದೋ ಕಾಲದ ಟೂತ್‌ಪೇಸ್ಟ್ ವಾಸನೆ. ಲೋಟ ನಿಲ್ಲಲಿ ಎಂದು, ಅದನ್ನು ಮಾಡಿದವನು ಕೆಳಗೆ ಎರಡು ಗಿಡ್ಡ ಪಾದ ಅಂಟಿಸಿದ್ದ. ಚಾಚಾ ನೋಡಿದ್ದರೆ ಅವನ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದರು. ಅವರು ಬರೆದ ಹೂಜಿಗೆ ಕಾಲಿರಲಿಲ್ಲ...

ಚಾಚಾ ನನ್ನ ಪಕ್ಕದ ಮನೆಯವರಾಗಿದ್ದರು. ನಮ್ಮ ಫ್ಲ್ಯಾಟುಗಳ ಮುಂದೆ ಉದ್ದಕ್ಕೂ ಒಂದು ತೆರೆದ ಜಗಲಿ. ಯಾರ ಮನೆಗೆ ಹೋಗಬೇಕಾದರೂ ಉಳಿದವರ ಅಡುಗೆಮನೆಯ ಕಿಟಕಿ ದಾಟಿಯೇ ಹೋಗಬೇಕು. ನಾನು ಮೈಸೂರಿನಿಂದ ಬಂದು ಜೈಡಾಸ್‌ನ ಕಚೇರಿ ಬಡಾವಣೆಯ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಹೊಸದು. ಒಂದು ಸಂಜೆ ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತ ನಡೆಯುತ್ತಿದ್ದಾಗ ಕಿಟಕಿಯ ಒಳಗಿನಿಂದ, "ತಾಯಿ ಮ್ಯಾಲೆ ಹಂಗ ಒದರಬಾರ್ದವಾ" ಎಂಬ ದನಿ ಕೇಳಿತು. ಬೆಚ್ಚಿಬಿದ್ದೆ. ಬಿಳಿಗಡ್ಡದ ಮುದುಕರೊಬ್ಬರು ಈರುಳ್ಳಿ ಹೆಚ್ಚುತ್ತಿದ್ದರು. ಅಂಕಲ್ ಎಂದರೆ ಸಿಟ್ಟು ಬರುತ್ತಿತ್ತು, ಚಾಚಾ ಎನ್ನಬೇಕಿತ್ತು. ಹಾಗಾಗಿ ಅವರ ಡಚ್ ಹೆಂಡತಿ, ಕನ್ನಡದಲ್ಲಿ 'ಊಟ' ಮತ್ತು 'ಸಾಕು' ಎಂಬೆರಡೇ ಮಾತು ಬಲ್ಲ ಎತ್ತರದ ಹೆಂಗಸು, ನನಗೆ ಚಾಚಿಯಾದರು.

ಚಾಚಾ ಹುಬ್ಬಳ್ಳಿಯವರು. ಹರೆಯದಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದವರು ಹಡಗಿಗೆ ಬಣ್ಣ ಬಳಿಯುವ ಕೆಲಸ ಹಿಡಿದು ಹೊರಟು, ರಾಟರ್‌ಡ್ಯಾಮಿನಲ್ಲಿ ಇಳಿದವರು ಮತ್ತೆ ಹಡಗು ಹತ್ತಲಿಲ್ಲ. ಸುತ್ತಿ ಸುಳಿದು ಟಿಲ್‌ಬರ್ಗ್ ಸೇರಿದರು. ಅಲ್ಲಿ ಸೈಕಲ್ ಅಂಗಡಿಯೊಂದರ ಮಹಡಿಯಲ್ಲಿ ಮಕ್ಕಳ ಟಿವಿಗೆ ಕಾರ್ಟೂನ್ ಮಾಡಿಕೊಡುವ ಪುಟ್ಟ ಸ್ಟುಡಿಯೋದಲ್ಲಿ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಮಾಲೀಕನಿಗೆ ಬೇರೆ ಗ್ರಹದಿಂದ ಬರುವ ಒಬ್ಬ ದುಷ್ಟ ಬೇಕಾಗಿದ್ದ. ಉಳಿದವರು ಕೊಂಬು, ಕೋರೆಹಲ್ಲು ಎಂದು ಒದ್ದಾಡುತ್ತಿದ್ದಾಗ ಚಾಚಾಗೆ ನೆನಪಾದದ್ದು ಅವರ ಅಜ್ಜಿ ಮನೆಯ ಮಣ್ಣಿನ ಹೂಜಿ.

"ನಮ್ಮೂರಾಗ ನಳದ ನೀರು ವಾರಕ್ಕೊಮ್ಮಿ ಬಂದ್ರ ಪುಣ್ಯಾ ಇತ್ತು. ಬಂದಾಗ ಕೊಡಾ, ಹೂಜಿ, ಚರಿಗಿ ಎಲ್ಲಾ ತುಂಬಿ ಇಡೂದು. ಇಲ್ಲಿ ನೋಡಿದ್ರ ನೆಲಾನ ಸಮುದ್ರಕ್ಕಿಂತ ತಗ್ಗು, ಈ ಮಂದಿ ನೀರು ಹೊರಗ ಹಾಕಾಕ ಪಂಪ್ ಇಟ್ಟಾರ!" ಎಂದು ಅವರು ಹೇಳುವಾಗ ಅಷ್ಟು ವರ್ಷಗಳ ಮೇಲೂ ದನಿಯಲ್ಲಿ ಹೊಟ್ಟೆಕಿಚ್ಚು ಕೇಳುತ್ತಿತ್ತು. ಹೀಗೆ ಹುಟ್ಟಿದವನು ಹೂಜಿ. ಒಣಗಿಹೋದ ಗ್ರಹದಿಂದ ಈ ದೇಶದ ನೀರನ್ನೆಲ್ಲ ಕದಿಯಲು ಬಂದ ಖಳ. ಟಿವಿಯಲ್ಲಿ ಅವನಿಗೆ ಏನೋ ಒಂದು ಡಚ್ ಹೆಸರಿತ್ತು. ಚಾಚಾ ಕೊನೆತನಕ ಹೂಜಿ ಎಂದೇ ಕರೆದರು.

ಮೊದಲು ಅವನಿಗೆ ಕಾಲಿದ್ದವು. ಆದರೆ ಕಾರ್ಟೂನಿನಲ್ಲಿ ಒಂದು ಹೆಜ್ಜೆ ನಡೆಸಬೇಕಾದರೂ ಹಾಳೆ ಮೇಲೆ ಹಾಳೆ ಬರೆಯಬೇಕು, ಸ್ಟುಡಿಯೋದಲ್ಲಿದ್ದ ಕೈಗಳೋ ಬೆರಳೆಣಿಕೆಯವು. "ಕಾಲು ತಗದಬಿಟ್ಟೆ. ತೇಲ್ಕೊಂತ ಹೋಗ ಮಗನ ಅಂದೆ," ಎಂದು ನಗುತ್ತಿದ್ದರು. ನೇರಳೆ ಬಣ್ಣವೂ ಯಾರೂ ಆರಿಸಿದ್ದಲ್ಲ. ಪಾರದರ್ಶಕ ಹಾಳೆಗಳ ಹಿಂಬದಿಗೆ ಬಣ್ಣ ತುಂಬುವ ಹುಡುಗಿಯ ಬಳಿ ಬೇರೆ ಯಾವ ಕೆಲಸಕ್ಕೂ ಬಾರದ ನೇರಳೆ ಡಬ್ಬಿಗಳು ಉಳಿದಿದ್ದವು. ಆ ಹುಡುಗಿಯೇ ಚಾಚಿ. ಇವರು ಗೆರೆ ಎಳೆದರು, ಅವರು ಬಣ್ಣ ತುಂಬಿದರು. ಮಕ್ಕಳಿಲ್ಲದ ಆ ದಂಪತಿಗೆ ಆ ಕಳ್ಳನೇ ಮಗ ಎಂದರೂ ತಪ್ಪಿಲ್ಲ.

ಮಕ್ಕಳು ಹೆದರಲಿಲ್ಲ. ಪ್ರತಿ ಕಂತಿನಲ್ಲೂ ಕದ್ದ ನೀರು ಸೋರಿಹೋಗಿ ಬರಿಗೈಯಲ್ಲಿ ನಿಲ್ಲುತ್ತಿದ್ದ ಕಳ್ಳನನ್ನು ಕಂಡು ಅಯ್ಯೋ ಪಾಪ ಎಂದರು. ಮಾಲೀಕನಿಗೆ ಉರಿದುಹೋಯಿತು. ಕೊನೆಯ ಕಂತಿನಲ್ಲಿ ಹೂಜಿಯನ್ನು ಒಡೆದು ಚೂರು ಮಾಡಲು ಹೇಳಿದ. ಚಾಚಾ ಒಪ್ಪಲಿಲ್ಲ. ತುಂಬಿದ ಹೂಜಿ ಒಡೆದರೆ ಅಜ್ಜಿ ಗೋರಿಯಿಂದ ಎದ್ದು ಬರುತ್ತಾಳೆ ಎಂದರಂತೆ. ಜಗಳ ಬಗೆಹರಿಯುವ ಮೊದಲೇ ಟಿವಿಯವರು ಕೈಬಿಟ್ಟು, ಸ್ಟುಡಿಯೋಗೆ ಬಾಗಿಲು ಬಿತ್ತು. ಮೊದಲ ಬಾರಿಗೆ ಹೊಟ್ಟೆ ತುಂಬ ನೀರು ತುಂಬಿಕೊಂಡಿದ್ದ ಹೂಜಿ ಸಮುದ್ರದ ಏರಿಯ ಮೇಲೆ, ಆಕಾಶ ನೋಡುತ್ತ, ತನ್ನ ಗ್ರಹಕ್ಕೆ ಮರಳದೆ ಹಾಗೆಯೇ ನಿಂತುಬಿಟ್ಟ.

ನಾನು ಪರಿಚಯವಾಗುವ ಹೊತ್ತಿಗೆ ಚಾಚಿಗೆ ಮರೆವು ಶುರುವಾಗಿತ್ತು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ಬೀದಿ, ಆಮೇಲೆ ನನ್ನನ್ನು. ಹತ್ತಿರದ ಆರೈಕೆ ಮನೆಗೆ ಸೇರಿಸಿದ ಮೇಲೆ ಗಂಡನ ಹೆಸರೂ ಹೋಯಿತು. ಹೂಜಿ ಮಾತ್ರ ಹೋಗಲಿಲ್ಲ. "ಅವನು ಮನೆ ಸೇರಿದನಾ?" ಎಂದು ದಿನವೂ ಡಚ್ಚಿನಲ್ಲಿ ಕೇಳುತ್ತಿದ್ದರು. ದಾರಿಯಲ್ಲಿದ್ದಾನೆ ಎನ್ನುತ್ತಿದ್ದರು ಚಾಚಾ. ಕೇಳಿ ಕೇಳಿ ಚಾಚಿ ಅಳುತ್ತಿದ್ದರು. ಕೊನೆಕೊನೆಗೆ ಅವರ ತಲೆಯಲ್ಲಿ ಹೂಜಿ ಯಾರು, ಗಂಡ ಯಾರು ಎಂಬುದೂ ಕಲಸಿಹೋಗಿತ್ತೇನೋ...

ಆಗ ಬಂತು ಆ ದರಿದ್ರ ರೋಗ. ಮಾರ್ಚಿನಲ್ಲಿ ಆರೈಕೆ ಮನೆಗಳ ಬಾಗಿಲು ಮುಚ್ಚಿದರು. ಚಾಚಿಯ ಕೋಣೆ ನೆಲಮಟ್ಟದಲ್ಲಿದ್ದುದರಿಂದ ಚಾಚಾ ದಿನವೂ ಹೋಗಿ ಕಿಟಕಿಯ ಹೊರಗೆ, ಗಾಳಿಯಲ್ಲಿ ನಿಂತು ಬರುತ್ತಿದ್ದರು. ಒಳಗಿನವರು ಮೇಲಿನ ಕಿಂಡಿಯನ್ನು ಸ್ವಲ್ಪ ವಾಲಿಸಿ ತೆರೆದರೆ ಮಾತು ಕೇಳುತ್ತಿತ್ತು. ಒಂದು ದಿನ ಚಾಚಿ ಹೂಜಿಯ ಬಗ್ಗೆಯೂ ಕೇಳಲಿಲ್ಲವಂತೆ. ಮರುದಿನ ಕೇಳಿದರಂತೆ. ಚಾಚಾ ಹೆದರಿಹೋದರು. ಇದೊಂದೂ ಮರೆತುಹೋಗುವ ಮುನ್ನ ಅವಳ ಪ್ರಶ್ನೆಗೆ ಉತ್ತರ ಕೊಟ್ಟುಬಿಡಬೇಕು, ಹೂಜಿಯನ್ನು ಮನೆ ಮುಟ್ಟಿಸಬೇಕು ಎಂದು ಅಷ್ಟು ವರ್ಷಗಳ ಮೇಲೆ ಮತ್ತೆ ಪೆನ್ಸಿಲ್ ಹಿಡಿದರು.

ಕೆಳಗಿನಿಂದ ಬೆಳಕು ಬರುವ ಹಳೆಯ ಮೇಜು ಯಾವತ್ತೋ ಹೋಗಿತ್ತು. ಅಡುಗೆಮನೆಯ ಕಿಟಕಿಗೇ ಹಾಳೆ ಅಂಟಿಸಿ, ಹಗಲಿನ ಬೆಳಕಿನಲ್ಲಿ ಒಂದರ ಮೇಲೊಂದು ಇಟ್ಟು ಬರೆಯುತ್ತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳು. ಜಗಲಿಯಲ್ಲಿ ಹಾಯುವಾಗ ಗಾಜಿನಲ್ಲಿ ಅವರ ಮುಖದ ಬದಲು ಒಂದು ಬಿಳಿ ಹಾಳೆ, ಅದರ ಹಿಂದೆ ಗೆರೆ ಎಳೆಯುವ ಕೈಯ ನೆರಳು ಕಾಣುತ್ತಿತ್ತು. ಹೊರಗಿನಿಂದಲೇ ರೇಗಿಸುತ್ತಿದ್ದೆ. "ಚಾಚಾ, ಇನ್ನೂ ಟೇಕಾಫ್ ಆಗ್ಲಿಲ್ವಾ? ಫ್ಲೈಟ್ ಎಲ್ಲಾ ಕ್ಯಾನ್ಸಲ್ ಆಗಿದೆ, ನೋಡ್ಕೊಳ್ಳಿ!"

"ಇದು ಹುಬ್ಬಳ್ಳಿ ಗಾಡಿ, ತಡಾ ಆದ್ರೂ ಮುಟ್ಟತೈತಿ," ಎನ್ನುತ್ತಿದ್ದರು.

ಬರೆದು ಮುಗಿದ ವಾರವೇ ಚಾಚಾಗೆ ಕೆಮ್ಮು ಹಿಡಿಯಿತು. ಆಂಬುಲೆನ್ಸ್ ಬಂದ ಬೆಳಿಗ್ಗೆ, ಮೈತುಂಬ ಪ್ಲಾಸ್ಟಿಕ್ ಹೊದ್ದ ಇಬ್ಬರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತಂದರು. ನಾನು ನನ್ನ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಹತ್ತಿರ ಹೋಗುವಂತಿಲ್ಲ. ತೊಡೆಯ ಮೇಲಿದ್ದ, ಒಂದು ಅಂಚಿಗೆ ಕ್ಲಿಪ್ ಹಾಕಿದ, ಬೆರಳಿನಿಂದ ಒಂದೊಂದೇ ಬಿಟ್ಟರೆ ಚಿತ್ರ ಓಡುವ ಹಾಳೆಗಳ ಕಟ್ಟನ್ನು ಅವರು ನೆಲಕ್ಕೆ ಇಡಿಸಿದರು.

"ಆಕಿಗೆ ತೋರಸವಾ," ಎಂದರು. ಉಸಿರು ಸಾಲುತ್ತಿರಲಿಲ್ಲ. "ಅವಸರ ಮಾಡಬ್ಯಾಡ. ಒಂದೊಂದ ಹಾಳಿ ಬಿಡು."

"ನಾಳೆನೇ ಹೋಗ್ತೀನಿ ಚಾಚಾ. ನೀವು ಬೇಗ ಬನ್ನಿ."

ಅಷ್ಟೇ. ಕೈ ಕೂಡ ಮುಟ್ಟಲಿಲ್ಲ. ಆ ರಾತ್ರಿಯೆಲ್ಲ ಕಟ್ಟನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ, ದೂರದಲ್ಲಿ ಇಟ್ಟಿದ್ದೆ. ಕಾಗದಕ್ಕೂ ಹೆದರುವ ಕಾಲವದು.

ಮರುದಿನ ಚಾಚಿಯ ಕಿಟಕಿಯ ಮುಂದೆ ನಿಂತೆ. ನರ್ಸ್ ಅವರ ಕುರ್ಚಿಯನ್ನು ಗಾಜಿನ ಹತ್ತಿರ ತಂದು ನಿಲ್ಲಿಸಿದಳು. ಚಾಚಿ ನನ್ನನ್ನು ಗುರುತಿಸಲಿಲ್ಲ. ಚಿತ್ರದ ಮುಖ ಅವರ ಕಡೆ ಮಾಡಿ, ಪುಸ್ತಕ ಓದುವ ಹಾಗೆ, ಮೇಲಿನ ಹಾಳೆಯಿಂದ ಒಂದೊಂದಾಗಿ ಬಿಡತೊಡಗಿದೆ. ಮೊದಲ ಹಾಳೆಯಲ್ಲಿ ಖಾಲಿ ಆಕಾಶ, ಕೆಳಗೆ ಏರಿ, ಏರಿಯ ಮೇಲೆ ಹಳದಿ ಮಳೆ ಅಂಗಿಯ, ಚಾಚಿಯಂತೆಯೇ ಎತ್ತರದ ಒಬ್ಬ ಹೆಂಗಸು. ಗಾಜಿನಲ್ಲಿ ಅದರ ಪ್ರತಿಬಿಂಬ ನನಗೂ ಕಾಣುತ್ತಿತ್ತು. ಆಕಾಶದಲ್ಲಿ ಒಂದು ಚುಕ್ಕೆ ಮೂಡಿತು. ಚುಕ್ಕೆ ದೊಡ್ಡದಾಯಿತು, ನೇರಳೆಯಾಯಿತು, ಮೂರು ಕಣ್ಣು ಬಿಟ್ಟಿತು...

ಆಗ ಹೊಳೆಯಿತು. ಆ ಕಸುಬಿನಲ್ಲಿ ಹೊಸ ಹಾಳೆಯನ್ನು ಹಳೆಯದರ ಮೇಲಿಟ್ಟು ಬರೆಯುತ್ತಾರೆ. ಮೊದಲ ಚಿತ್ರ ಎಲ್ಲಕ್ಕಿಂತ ಕೆಳಗೆ, ಕೊನೆಯದು ಎಲ್ಲಕ್ಕಿಂತ ಮೇಲೆ. ಬದುಕಿಡೀ ಕೆಳಗಿನಿಂದಲೇ ಬಿಟ್ಟವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ತೋಚಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ. ಚಾಚಾ ಮನೆಗೆ ಕಳಿಸಿದ್ದ ಹೂಜಿಯನ್ನು ನಾನು ವಾಪಸ್ಸು ಕರೆತರುತ್ತಿದ್ದೆ. ನಿಲ್ಲಿಸಲು ಕೈ ಬರಲಿಲ್ಲ, ಏಕೆಂದರೆ ಚಾಚಿ ನಗುತ್ತಿದ್ದರು.

ಕೊನೆಯ ಹಾಳೆ ಬೀಳುವಾಗ ಹೂಜಿ ಏರಿಯ ಮೇಲೆ, ಹಳದಿ ಅಂಗಿಯವಳ ಪಕ್ಕದಲ್ಲಿ ನಿಂತಿದ್ದ. ಚಾಚಿ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದರು. "ಬಂದ," ಎಂದರು ಡಚ್ಚಿನಲ್ಲಿ. ಆಮೇಲೆ ನನ್ನನ್ನು ಬಿಟ್ಟು, ನನ್ನ ಭುಜದಾಚೆ, ಗೇಟಿನ ಕಡೆ ಬಗ್ಗಿ ನೋಡತೊಡಗಿದರು. ಗಂಡ ದಿನವೂ ಬರುತ್ತಿದ್ದದ್ದು ಆ ಗೇಟಿನಿಂದ.

ಆಸ್ಪತ್ರೆಯಲ್ಲಿ ಚಾಚಾ ಆ ವಾರ ದಾಟಲಿಲ್ಲ. ತೋರಿಸಿದೆ, ನಕ್ಕರು ಎಂದು ಅಲ್ಲಿನ ನರ್ಸ್ ಮೂಲಕ ಹೇಳಿ ಕಳಿಸಿದ್ದೆ. ಅವರ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ಮಣ್ಣು ಕೊಡಲು ಬೆರಳೆಣಿಕೆಯ ಜನರನ್ನಷ್ಟೇ ಬಿಟ್ಟರು. ನಾನು ಬೇಲಿಯ ಹೊರಗೆ ಸೈಕಲ್ ಹಿಡಿದು ನಿಂತು ಅತ್ತೆ. ಚಾಚಿಗೆ ಯಾರೂ ಹೇಳಲಿಲ್ಲ. ಹೂಜಿ ಮನೆ ಸೇರಿದನಾ ಎಂದು ಅವರು ಮತ್ತೆ ಕೇಳಲಿಲ್ಲವಂತೆ. ಊಟದ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಗೊಡದೆ, ಅವನು ಬಂದಿದ್ದಾನೆ, ಕೈ ತೊಳೆಯಲು ಹೋಗಿದ್ದಾನೆ ಎನ್ನುತ್ತಿದ್ದರಂತೆ. ಮುಂದಿನ ಚಳಿಗಾಲದಲ್ಲಿ ಅವರೂ ಹೋದರು.

ಪಕ್ಕದ ಮನೆಯಲ್ಲಿ ಈಗ ಓದುವ ಹುಡುಗರಿದ್ದಾರೆ. ಆ ಕಿಟಕಿಗೆ ದಪ್ಪ ಪರದೆ ಬಿದ್ದಿದೆ. ಆ ಹುಟ್ಟುಹಬ್ಬದ ದಿನ ಮಕ್ಕಳಿಂದ ಕೊಂಡು ತಂದ ಲೋಟವನ್ನು ತೊಳೆದು, ನೀರು ತುಂಬಿ, ನನ್ನ ಕಿಟಕಿಯಲ್ಲಿ ಇಟ್ಟೆ. ಆಮೇಲೆ ಬೀರುವಿನಿಂದ ಹಾಳೆಗಳ ಕಟ್ಟು ತೆಗೆದು, ಮೊದಲ ಸಲ ಚಾಚಾ ಬರೆದ ಕ್ರಮದಲ್ಲಿ, ಕೆಳಗಿನಿಂದ ಬಿಟ್ಟು ನೋಡಿದೆ. ಹಳದಿ ಅಂಗಿಯವಳು ಕೈ ಬೀಸಿದಳು. ಹೂಜಿ ಮೇಲೇರಿ, ಚುಕ್ಕೆಯಾಗಿ, ಮನೆಗೆ ಹೋಗಿಬಿಟ್ಟ. ಕೊನೆಯ ಹಾಳೆಯಲ್ಲಿ ಏರಿಯ ಮೇಲೆ ಅವಳೊಬ್ಬಳೇ ಉಳಿದಳು.

ನೋಡಲಾಗಲಿಲ್ಲ. ತಿರುಗಿ ಮೇಲಿನಿಂದ ಬಿಟ್ಟೆ, ಅವನು ಬರುವವರೆಗೂ. ಚಾಚಾ ಇದ್ದಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಯಲು ಅವರಿಲ್ಲ.